ಶೇಖವ್ವನ ಹೆಸರಿಗೆ ಬಂದ ನೋಟೀಸಿಗೆ ನನ್ನ ಉತ್ತರ

ಅಕ್ಕಿಆಲೂರು, ತಾಲೂಕು ಹಾನಗಲ್ಲ
೧೯೮೩ನೇ ಇಸವಿ, ಫೆಬ್ರುವರಿ

ವಿಕಿರಣ ವಸ್ತುಗಳನ್ನು ಇಡಲಿಕ್ಕೆ, ಬಳಸಲಿಕ್ಕೆ, ವಿಲೇವಾರಿ ಮಾಡಲಿಕ್ಕೆ ಅನುಮತಿ ಕೊಡುವ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಹೆಂಡತಿ ಶೇಖವ್ವನಿಗೆ ನೀವು ನೋಟೀಸು ಕಳಿಸಿದ್ದೀರಿ. ಇಂಗ್ಲಿಷಿನಲ್ಲಿತ್ತು. ಹೈಸ್ಕೂಲಿನ ಮಾಸ್ತರರ ಮನೆಗೆ ಹೋಗಿ ಓದಿಸಿದೆ. ಸದರಿ ವಿಕಿರಣ ವಸ್ತುವನ್ನು ಯಾವ ಅನುಮತಿಪತ್ರದ ಆಧಾರದಿಂದ ತಮ್ಮ ವಶದಲ್ಲಿ ಇಟ್ಟುಕೊಂಡಿರಿ, ಯಾವ ಅನುಮತಿಯಿಂದ ಬಳಸಿದಿರಿ, ಯಾವ ಅನುಮತಿಯಿಂದ ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ಸಾಗಿಸಿದಿರಿ, ಇದಕ್ಕೆ ಹದಿನೈದು ದಿನದೊಳಗೆ ಸಮಜಾಯಿಷಿ ಕೊಡತಕ್ಕದ್ದು ಎಂದು ಕೇಳಿದ್ದೀರಂತೆ. ಕೆಳಗೆ ಹೆಬ್ಬೆಟ್ಟು ಒತ್ತಲು ಒಂದು ಚೌಕ ಬೇರೆ ಬಿಟ್ಟಿದ್ದೀರಿ. ಅವಳ ಬಲಗೈ ಹೆಬ್ಬೆಟ್ಟನ್ನೂ ಅದರ ಪಕ್ಕದ ಬೆರಳನ್ನೂ ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಕತ್ತರಿಸಿ ತೆಗೆದು ಎರಡು ತಿಂಗಳಾಯಿತು. ತೆಗೆದದ್ದು ನೀವು ಹೇಳುವ ಸದರಿ ವಸ್ತುವಿನ ದೆಸೆಯಿಂದಲೇ. ಇಷ್ಟು ತಿಳಿದಿದ್ದೂ ಆ ಚೌಕ ಬಿಟ್ಟಿರೋ, ಅಥವಾ ನಿಮ್ಮ ಕಚೇರಿಯಲ್ಲಿ ಗಾಯದ ಕಾಗದ ಒಂದು ಕಪಾಟಿನಲ್ಲಿ, ನೋಟೀಸಿನ ಕಾಗದ ಇನ್ನೊಂದು ಕಪಾಟಿನಲ್ಲಿ ಇರುತ್ತವೋ?

ಊರಲ್ಲಿ ನನ್ನನ್ನು ಸಿಟ್ಟಿನ ಮುದುಕ ಅನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಈ ಪತ್ರ ಬರೆಸುತ್ತಿರುವುದು ಸಿಟ್ಟಲ್ಲ, ನಾಚಿಕೆ. ನಿಮ್ಮ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಯಾವ ಅನುಮತಿಯೂ ಇರಲಿಲ್ಲ. ಆ ವಸ್ತುವನ್ನು ಷೆಡ್ಡಿನಿಂದ ತಂದವನು ನಾನು, ಕೀಲಿ ಒಡೆಸಿದವನು ನಾನು, ಅವಳ ಕೈಯಲ್ಲಿ ಇಟ್ಟವನು ನಾನು. ನೋಟೀಸಿನ ಜೊತೆ ಬಂದ ನಿಮ್ಮ ತನಿಖೆಯ ವರದಿಯಲ್ಲಿ ಮಾತ್ರ "ಮಹಿಳೆಯು ತಾನಾಗಿಯೇ ಎತ್ತಿಕೊಂಡು ಹೋಗಿ ಅಜಾಗರೂಕತೆಯಿಂದ ಬಳಸಿದ್ದಾಳೆ" ಎಂದಿದೆ. ಆ ಮಾತು ನಿಮ್ಮವರು ಹುಟ್ಟಿಸಿದ್ದಲ್ಲ. ನನ್ನ ಬಾಯಿಂದಲೇ ಹೊರಟದ್ದು. ಅದು ಹೇಗೆ ಹೊರಟಿತು ಎಂಬುದನ್ನು ನೀವೂ ಓದಬೇಕು, ಊರಿನವರೂ ಓದಬೇಕು. ಅದಕ್ಕಾಗಿಯೇ ಲಕೋಟೆಯಲ್ಲಿ ಮುಚ್ಚಿ ಕಳಿಸದೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಇಲ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ತೂಕದವನಾಗಿದ್ದೆ. ಮೂರನೇ ಇಯತ್ತೆಗೇ ಶಾಲೆ ಬಿಟ್ಟೆ. ಕನ್ನಡ ಓದುತ್ತೇನೆ, ಬರೆಯುತ್ತೇನೆ, ಅಷ್ಟೇ. ಮೂರು ವರ್ಷದ ಹಿಂದೆ ಹೊಳೆಯಿಂದ ಕುಡಿಯುವ ನೀರು ತರುವ ಕಬ್ಬಿಣದ ಕೊಳವೆ ಹಾಕಲು ಒಂದು ಕಂಪನಿ ನಮ್ಮ ಕಡೆ ಬಂತು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕಿನಲ್ಲಿ ಅವರ ಬಿಡಾರಗಳಿದ್ದವು. ಕೊಳವೆಗಳ ಬೆಸುಗೆಯಲ್ಲಿ ಬಿರುಕು ಉಳಿದಿದೆಯೇ ಎಂದು ನೋಡಲು, ದವಾಖಾನೆಯಲ್ಲಿ ಎಲುಬಿನ ಫೋಟೋ ತೆಗೆಯುತ್ತಾರಲ್ಲ, ಹಾಗೆ ಕಬ್ಬಿಣದ ಫೋಟೋ ತೆಗೆಯುತ್ತಿದ್ದರು. ಅದಕ್ಕೆ ಬೇಕಾದ ವಸ್ತು ಒಂದು ಸೀಸದ ಗಡಿಗೆಯೊಳಗೆ ಇರುತ್ತಿತ್ತು. ಆ ಗಡಿಗೆಯನ್ನು ಇಡಲು ನಮ್ಮ ಗಿರಣಿಯ ಹಿಂದೆ ತಗಡಿನ ಷೆಡ್ಡು ಹಾಕಿದ್ದರು. ಕೆಲಸ ಮುಗಿಯಿತು, ಜನ ಹೋದರು, ಲಾರಿಗಳೂ ಹೋದವು. ಗಡಿಗೆ ಮಾತ್ರ ಉಳಿಯಿತು.

ಯಾಕೆ ಉಳಿಯಿತು ಎಂಬುದು ನನಗೆ ಗೊತ್ತಾದದ್ದು ನಿಮ್ಮ ನೋಟೀಸಿನಿಂದಲೇ. ಆ ವಸ್ತುವನ್ನು ಇಡಲು ಕಂಪನಿಗೆ ಒಂದು ಅನುಮತಿ ಕೊಟ್ಟಿದ್ದಿರಿ. ಬಳಸಲು ಇನ್ನೊಂದು. ಊರಿಂದೂರಿಗೆ ಒಯ್ಯಲು ಮತ್ತೊಂದು. ಮೂರಕ್ಕೂ ನಂಬರಿದೆ, ತಾರೀಖಿದೆ. ಕೆಲಸ ಮುಗಿದ ಮೇಲೆ ಅದನ್ನು ವಿಲೇವಾರಿ ಮಾಡಲು ನಾಲ್ಕನೇ ಅನುಮತಿ ಬೇಕೆಂದು ಕಂಪನಿ ಅರ್ಜಿ ಹಾಕಿತಂತೆ. ಅದರ ಮುಂದೆ "ಪರಿಶೀಲನೆಯಲ್ಲಿತ್ತು" ಎಂದು ನೀವೇ ಬರೆದಿದ್ದೀರಿ. ಹದಿನಾಲ್ಕು ತಿಂಗಳು ಪರಿಶೀಲಿಸಿದಿರಿ! ನನ್ನ ಮನೆಯ ರೇಡಿಯೋಕ್ಕೆ ಲೈಸನ್ಸ್ ತಪ್ಪಿದರೆ ಪೋಸ್ಟಿನವನು ಬಾಗಿಲಿಗೆ ಬರುತ್ತಾನೆ. ಹಂದಿ ಓಡಿಸುವ ಬಂದೂಕಿಗೆ ಪರವಾನಗಿ ತೋರಿಸು ಎಂದು ಫೌಜದಾರ ಹೊಲಕ್ಕೇ ಬರುತ್ತಾನೆ. ನನ್ನ ತಕ್ಕಡಿಯ ಕಬ್ಬಿಣದ ಗುಂಡುಗಳಿಗೆ ವರ್ಷಕ್ಕೊಮ್ಮೆ ಸರಕಾರದ ಮುದ್ರೆ ಬೀಳದಿದ್ದರೆ ನಾನು ಕಳ್ಳ. ಬೆರಳು ಸುಡುವ ಈ ವಸ್ತುವನ್ನು ನೋಡಿಹೋಗಲು ಆ ಹದಿನಾಲ್ಕು ತಿಂಗಳಲ್ಲಿ ಒಬ್ಬ ಜವಾನನಾದರೂ ಬಂದನೇ? ನಿಮ್ಮ ಕಾಗದದ ಪ್ರಕಾರ ಅದು ಸುರಕ್ಷಿತವಾಗಿತ್ತು. ಕಾಗದದ ಮೇಲೆ ಗಾಳಿಮಳೆ ಬೀಳುವುದಿಲ್ಲ. ನಮ್ಮ ಷೆಡ್ಡಿನ ಮೇಲೆ ಬಿತ್ತು. ಕಳೆದ ಮಳೆಗಾಲದಲ್ಲಿ ತಗಡು ಹಾರಿಹೋಯಿತು. ಮಳೆ ನಿಂತ ಮೇಲೆ, "ಹೊಟ್ಟು ತುಂಬಾಕ ಜಾಗ ಬೇಕು, ಆ ಷೆಡ್ಡು ಖಾಲಿ ಮಾಡ್ರಿ" ಎಂದು ಗಿರಣಿಯ ಸಾವಕಾರರು ಹೇಳಿದರು.

ಖಾಲಿ ಮಾಡಿದವರು ನಾನು ಮತ್ತು ಗಿರಣಿಯ ಮಿಸ್ತ್ರಿ ಫಕ್ರುಸಾಬ. ಗಡಿಗೆಗೆ ಹಳದಿ ಬಣ್ಣ ಬಳಿದಿದ್ದರು. ಮೇಲೆ ಇಂಗ್ಲಿಷ್ ಅಕ್ಷರ, ಒಂದು ಚಿತ್ರ.

"ಗುದ್ಲೆಪ್ಪಣ್ಣ, ಮೂರು ರೆಕ್ಕಿ ತಗದಾರ ನೋಡ್ರಿ. ಫ್ಯಾನಿನ ಕಂಪನಿದ ಇರಬೇಕು" ಎಂದ ಫಕ್ರುಸಾಬ.

"ಫ್ಯಾನು ಇಷ್ಟು ಭಾರ ಇರತೈತೇನೋ? ನಿನ್ನ ತಲಿ! ಎತ್ತು ಆ ಕಡೆ."

ಎತ್ತಿದಾಗಲೇ ನನ್ನ ಕೈಗೆ ಗೊತ್ತಾಯಿತು. ನಲವತ್ತು ವರ್ಷ ತೂಗಿದ ಕೈ. ಹೆಚ್ಚುಕಡಿಮೆ ಇಪ್ಪತ್ತು ಕಿಲೋ. ಗಿರಣಿಯಲ್ಲಿ ಎಮ್ಮೆ ಕಟ್ಟಿದ ಹೆಂಗಸರಿಗೆ ತೌಡು ತೂಗಿಕೊಡಲು ಒಂದು ಇಪ್ಪತ್ತರ ಗುಂಡು ಕಡಿಮೆ ಇತ್ತು. ಇದೇ ಸಾಕು ಅನ್ನಿಸಿತು. ಮುದ್ರೆಯ ಗುಂಡಿನ ಎದುರು ಇಟ್ಟು ನೋಡಿದರೆ ಗಡಿಗೆಯ ಕಡೆ ತಟ್ಟೆ ಕೆಳಗಿಳಿಯಿತು. ನಮ್ಮ ಗಿರಣಿಯಲ್ಲಿ ಇನ್ನೊಬ್ಬನಾಗಿದ್ದರೆ ಇಷ್ಟು ವ್ಯತ್ಯಾಸ ನಡೆಯುತ್ತದೆ ಎಂದು ಬಿಡುತ್ತಿದ್ದ. ನಾನು ಬಿಡುವವನಲ್ಲ. ತೂಕ ತಪ್ಪಿತು ಎಂದು ನನ್ನ ಮುಂದೆ ಯಾರೂ ಬೆರಳು ತೋರಿಸಿದವರಿಲ್ಲ. ಆ ಸೊಕ್ಕು ನನಗಿತ್ತು. ಕೀಲಿ, ಮುಚ್ಚಳ ತೆಗೆದರೆ ತೂಕ ಸರಿಹೋಗುತ್ತದೆ ಎಂದೆ.

"ಕೀಲಿ ಒಡಿಯೂದು ಬ್ಯಾಡ್ರಿ. ನಾಳೆ ಯಾರರ ಬಂದು ಕೇಳಿದ್ರ?"

"ಹದಿನಾಕು ತಿಂಗಳಾತು, ಯಾರು ಬಂದಾರ? ನೀ ಗರಗಸ ಹಚ್ಚು. ಹೆಂಗಸರಂಗ ಅಂಜಬ್ಯಾಡ."

ಅವನು ಕೊಯ್ದ. ಮುಚ್ಚಳದ ಕೆಳಗೆ ಸೀಸದ ಬೆಣೆ, ಬೆಣೆಯ ತುದಿಗೆ ಕಿರುಬೆರಳುದ್ದದ ಒಂದು ಉಕ್ಕಿನ ಕಡ್ಡಿ. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಇಕ್ಕಳ ಹಾಕಿ ತಿರುವಿ ಕಿತ್ತೆ. ಈಗ ಗಡಿಗೆ ಹಗುರಾಯಿತು. ತೂತಿನಲ್ಲಿ ಹಳೆಯ ಮೊಳೆ ತುಂಬಿ, ಒಂದು ಹಾಕಿ ಎರಡು ತೆಗೆದು, ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವವರೆಗೆ ತೂಗಿದೆ. ಮುಳ್ಳು ನಿಂತಾಗ ಮೀಸೆ ತಿರುವಿದೆ. ನನ್ನ ಜೀವನದಲ್ಲಿ ಅಷ್ಟು ಸರಿಯಾಗಿ ಮಾಡಿದ ತಪ್ಪು ಇನ್ನೊಂದಿಲ್ಲ.

ಕಡ್ಡಿಯನ್ನು ಎಸೆಯಬಹುದಿತ್ತು. ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಮನೆಗೆ ಒಯ್ದೆ. ಶೇಖವ್ವ ಎಲೆ ಅಡಿಕೆ ಹಾಕುವವಳು. ನಮ್ಮ ಕಡೆಯ ಹಿರಿ ಹೆಂಗಸರು ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲ ಇರುವ ಬಟ್ಟೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಾರೆ. ಮಲಗುವಾಗ ಮಾತ್ರ ಗೂಟಕ್ಕೆ. ಅವಳು ಸುಣ್ಣ ತೆಗೆಯುವ ಕಡ್ಡಿ ಕಳೆದುಕೊಂಡು, ಕಡ್ಡಿಪೆಟ್ಟಿಗೆಯ ಕಡ್ಡಿಯಿಂದ ಗೀರಿಕೊಳ್ಳುತ್ತಿದ್ದಳು. ನಾನು ಹೆಂಡತಿಯ ಕೈಗೆ ಏನನ್ನೂ ಕೊಟ್ಟವನಲ್ಲ. ಸೀರೆ ತಂದರೂ ಕಟ್ಟೆಯ ಮೇಲೆ ಒಗೆದು ಹೋಗುವವನು. ಆವತ್ತು ಏನು ಬುದ್ಧಿ ಬಂತೋ, ಕೈಯಲ್ಲೇ ಇಟ್ಟೆ.

"ತಗೋ. ಸುಣ್ಣ ತಗಿಯಾಕ ಬರತೈತಿ."

"ಬೆಳ್ಳೀದೇನ್ರಿ?"

"ಬೆಳ್ಳಿ ಕೊಡಾಕ ನಾ ಏನು ಸಾವಕಾರ ಆಗೇನೇನು? ಉಕ್ಕು ಅದು. ಜಂಗು ಹಿಡಿಯಂಗಿಲ್ಲ."

ಅವಳು ನಕ್ಕಳು. ಗೋಡೆಯ ಆಚೆಯ ಮನೆಯ ನಾಗವ್ವನನ್ನು ಕರೆದು ತೋರಿಸಿದಳು. "ನಮ್ಮವರು ಕೊಟ್ಟಾರವಾ, ನೋಡಿಲ್ಲೆ."

"ಅಯ್ಯ ಶಿವನ! ನಿನ್ನ ಗಂಡಗ ಮೈಯಾಗ ಆರಾಮ ಐತಿಲ್ಲೋ?" ಎಂದಳು ನಾಗವ್ವ. ನನಗೆ ಕೇಳಲೆಂದೇ ಗಟ್ಟಿಯಾಗಿ ಎಂದಳು.

ಆರನೇ ದಿನಕ್ಕೆ ಶೇಖವ್ವನ ಬೆರಳು ಕೆಂಪಾದವು. ಸೊಂಟದಲ್ಲಿ ಸಂಚಿ ಇರುವ ಕಡೆ ತುರಿಕೆ, ಉರಿ. "ಬೆಂಕಿ ಬಿದ್ದಂಗ ಆಗಾಕತ್ತೈತ್ರಿ" ಎಂದಳು. ಸುಣ್ಣ ಹೆಚ್ಚಾಗಿದೆ, ದಿನಕ್ಕೆ ಇಪ್ಪತ್ತು ಸಲ ಮೆಲ್ಲುತ್ತ ಕೂತರೆ ಸುಡದೆ ಏನು ಮಾಡುತ್ತದೆ ಎಂದು ಬೈದೆ. ನನ್ನ ಬೆರಳ ತುದಿಯಲ್ಲೂ ಸ್ವಲ್ಪ ಚರ್ಮ ಸುಲಿದಿತ್ತು. ಎರಡಕ್ಕೂ ನಂಟು ಇದೆ ಎಂದು ಹೊಳೆಯಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿಕೋ ಎಂದು ಹೇಳಿ ಗಿರಣಿಗೆ ಹೋದೆ.

ಹನ್ನೊಂದನೇ ದಿನ, ಸಂತೆಯ ದಿನ, ಒಂದು ಜೀಪು ಬಂತು. ಕಂಪನಿಯ ಗುಮಾಸ್ತ, ಒಬ್ಬ ಪೊಲೀಸಿನವನು, ನಿಮ್ಮ ಕಚೇರಿಯಿಂದ ಫೈಲು ಹಿಡಿದ ಒಬ್ಬರು. ನಾಲ್ಕನೇ ಅನುಮತಿ ಆಗ ಮಂಜೂರಾಗಿತ್ತು. ವಸ್ತುವನ್ನು ಒಯ್ಯಲು ಬಂದವರಿಗೆ ಷೆಡ್ಡಿನಲ್ಲಿ ಹೊಟ್ಟು ಸಿಕ್ಕಿತು. ನಾನು ತೌಡು ತೂಗುವ ಜಾಗದಲ್ಲಿ ಆ ಗಡಿಗೆಯ ಮೇಲೆಯೇ ಗೋಣಿಚೀಲ ಹಾಸಿಕೊಂಡು ಕುಳಿತಿದ್ದೆ. ನನ್ನನ್ನು ಕಂಡು ನಿಮ್ಮವರು ಬಹಳ ಮರ್ಯಾದೆಯಿಂದ ಮಾತಾಡಿಸಿದರು.

"ಯಜಮಾನರೇ, ಇಲ್ಲಿ ಒಂದು ಹಳದಿ ಡಬ್ಬಿ ಇತ್ತು, ಬಹಳ ಭಾರದ್ದು. ಕಂಪನಿಯ ಬೆಲೆಬಾಳುವ ಸಾಮಾನು. ನೋಡಿದ್ದೀರಾ?"

ನಾನು ಏಳಲು ನೋಡಿದೆ. "ಏಳಬೇಡಿ, ಕೂತಿರಿ, ಹಿರಿಯರು ನೀವು" ಎಂದರು.

ಕುಳಿತೆ. ಪೊಲೀಸಿನವನನ್ನು ನೋಡಿದೆ. ಕೀಲಿ ಕೊಯ್ದ ಫಕ್ರುಸಾಬ ಎದುರಿಗೇ ನಿಂತು ನೆಲ ನೋಡುತ್ತಿದ್ದ. ನಾಲ್ಕು ಜನ ಸಂತೆಗೆ ಬಂದವರೂ ನಿಂತಿದ್ದರು. ಗುದ್ಲೆಪ್ಪ ಕೀಲಿ ಒಡೆದ ಎಂಬ ಮಾತು ಅವರ ಬಾಯಿಗೆ ಬೀಳಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು.

"ಯಾವ ಡಬ್ಬಿನೂ ನೋಡಿಲ್ರಿ" ಎಂದೆ.

ಅಲ್ಲಿಗೆ ಮುಗಿಯಿತು. ಜೀಪು ಹೋಯಿತು. ಈಗ ನಾನೊಂದು ಕೇಳುತ್ತೇನೆ, ಮಾನ್ಯರೇ. ಬೆಲೆಬಾಳುವ ಸಾಮಾನು ಎಂದು ಹೇಳಲು ನಿಮ್ಮವರಿಗೆ ಬಾಯಿ ಬಂತು. ಅದು ಮನುಷ್ಯರನ್ನು ಸುಡುತ್ತದೆ ಎಂದು ಹೇಳಲು ಯಾಕೆ ಬರಲಿಲ್ಲ? ಆಮೇಲೆ ಕೇಳಿದ್ದಕ್ಕೆ "ಜನ ಗಾಬರಿಯಾಗುತ್ತಾರೆ ಎಂದು ಹೇಳಲಿಲ್ಲ" ಅಂದರು. ಗಾಬರಿಯಾದವರಿಗೆ ಬೆರಳಾದರೂ ಉಳಿಯುತ್ತವೆ. ಅಂಥ ವಸ್ತು ಎಲ್ಲಿದೆ ಎಂದು ಟಿಕ್ ಟಿಕ್ ಸದ್ದು ಮಾಡಿ ತೋರಿಸುವ ಯಂತ್ರ ಇದೆಯಂತೆ. ಅದನ್ನು ಆ ದಿನ ಯಾಕೆ ತರಲಿಲ್ಲ? ಯಂತ್ರವನ್ನು ಕಚೇರಿಯಿಂದ ಹೊರಗೆ ಒಯ್ಯಲು ಬೇರೆ ಅನುಮತಿ ಬೇಕಿತ್ತಂತೆ! ಅದು ಕೈಯಲ್ಲಿದ್ದರೆ ನಮ್ಮ ಓಣಿಯ ಬಾಯಿಗೆ ಬರುವಷ್ಟರಲ್ಲಿ ಕೂಗುತ್ತಿತ್ತು, ನನ್ನ ಸುಳ್ಳು ಅಲ್ಲೇ ಸಾಯುತ್ತಿತ್ತು.

ಸುಡುತ್ತದೆ ಎಂದು ಅವರು ಹೇಳಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೇ? ಹೌದು ಎಂದು ಬರೆಯಲು ಕೈ ಮುಂದೆ ಹೋಗುತ್ತದೆ. ಖಾತ್ರಿಯಿಲ್ಲ. ಅಷ್ಟು ಜನರ ಎದುರು ಎದ್ದು ನಿಲ್ಲುವ ಎದೆ ನನಗಿತ್ತೋ ಇಲ್ಲವೋ ನನಗೇ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ನಾನು ಇಲ್ಲ ಎಂದ ಮೇಲೆ ಇನ್ನೂ ಒಂಬತ್ತು ದಿನ ಅದು ಅವಳ ಸೊಂಟದಲ್ಲಿತ್ತು.

ಇಪ್ಪತ್ತನೇ ದಿನ ವಾಂತಿ ಹಿಡಿಯಿತು. ಸೊಂಟದಲ್ಲಿ ಅಂಗೈಯಗಲ ಹುಣ್ಣು, ಬೆರಳುಗಳಲ್ಲಿ ನೀರುಗುಳ್ಳೆ ಒಡೆದು ಕಪ್ಪಾಗಿದ್ದವು. ಹಾನಗಲ್ಲಿನ ಡಾಕ್ಟರರು ನೋಡಿ ಹುಬ್ಬಳ್ಳಿಗೆ ಬರೆದುಕೊಟ್ಟರು. ಬಸ್ಸಿನಲ್ಲಿ ಕೂರಲಾಗದೆ ಸೀಟಿನ ಕಂಬಿ ಹಿಡಿದು ನಿಂತೇ ಬಂದಳು. ಹುಬ್ಬಳ್ಳಿಯ ಡಾಕ್ಟರರು ಚಿಕ್ಕ ವಯಸ್ಸಿನವರು. ಹುಣ್ಣು ನೋಡಿದರು, ಬೆರಳು ನೋಡಿದರು, "ಅವ್ವಾರ, ಸೊಂಟದಾಗ ಏನು ಇಟ್ಕೋತೀರಿ?" ಎಂದು ಕೇಳಿದರು. ಅವಳು ಎಡಗೈಯಿಂದ ಸಂಚಿ ತೆಗೆದು ಮೇಜಿನ ಮೇಲೆ ಸುರಿದಳು. ಸವಣೂರಿನ ಎಲೆ ನಾಲ್ಕು, ಅಡಿಕೆ ಹೋಳು, ಸುಣ್ಣದ ಡಬ್ಬಿ, ಕಡ್ಡಿ. ಡಾಕ್ಟರರು ಕಡ್ಡಿಯತ್ತ ಬಗ್ಗಿದವರು ಹಿಂದೆ ಸರಿದರು. ನಮ್ಮನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಆಮೇಲೆ ಹೊರಗೆ ನಿಂತೇ ಕೇಳಿದರು, "ಇದು ಎಲ್ಲಿಂದ ಬಂತು?"

ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ.

"ಅಕಿ ಹೊಟ್ಟು ತರಾಕ ಷೆಡ್ಡಿಗೆ ಹೋಗತಿದ್ಲರಿ. ಅಲ್ಲೇ ಬಿದ್ದಿದ್ದು ಎತಗೊಂಡಿರಬೇಕು."

ಶೇಖವ್ವ ನನ್ನ ಮುಖ ನೋಡಿದಳು. "ಹೌದೇನವ್ವ?" ಎಂದು ಡಾಕ್ಟರರು ಕೇಳಿದಾಗ ತಲೆ ಆಡಿಸಿದಳು. ಅವರು ಬರೆದುಕೊಂಡರು. ಅದನ್ನು ನೋಡಿ ನಿಮ್ಮವರು ಬರೆದುಕೊಂಡರು. ಮೂರನೇ ದಿನ ಉದ್ದ ಚಿಮ್ಮಟ ತಂದು ಕಡ್ಡಿ ಒಯ್ದರು. ಗಡಿಗೆಯೂ ಷೆಡ್ಡಿನಲ್ಲೇ ಸಿಗಲಿ ಎಂದು, ಅವರು ಗಿರಣಿಗೆ ಬರುವ ಮೊದಲೇ ನಾನು ಊರಿಗೆ ಬಂದು ಅದನ್ನು ಹೊಟ್ಟಿನಲ್ಲಿ ಹೂತಿಟ್ಟಿದ್ದೆ. ಇದನ್ನೂ ಬರೆದುಕೊಳ್ಳಿರಿ. ಕಡ್ಡಿ ಹಳೆಯದಾಗಿ ಅದರ ಬಲ ಬಹಳ ಇಳಿದಿತ್ತಂತೆ, ಅದಕ್ಕೇ ಜೀವ ಉಳಿಯಿತಂತೆ. ನಿಮ್ಮ ತಡದಿಂದ ಆದ ಉಪಕಾರ ಅದೊಂದೇ. ಕೃತಜ್ಞನಾಗಿದ್ದೇನೆ.

ಈಗ ಅವಳು ಮನೆಯಲ್ಲಿದ್ದಾಳೆ. ಸೊಂಟದ ಹುಣ್ಣು ಮಾಯುತ್ತಿಲ್ಲ. ಉಳಿದ ಮೂರು ಬೆರಳಿನಲ್ಲಿ ರೊಟ್ಟಿ ತಟ್ಟಲು ಬರುವುದಿಲ್ಲ. ಅದಕ್ಕಿಂತ ಹೆಚ್ಚಿನದು ಓಣಿಯಲ್ಲಿ ನಡೆದಿದೆ. ಮೊದಲು ಯಾರ ಮನೆಯಲ್ಲಿ ಬಸುರಿಗೆ ಕುಬಸ ಮಾಡಿದರೂ ಎಲೆ ಅಡಿಕೆ ಹಂಚಲು ಶೇಖವ್ವನೇ ಬರಬೇಕಿತ್ತು. ಈಗ ಕರೆಯುವುದಿಲ್ಲ. ಕಂಪನಿಯ ಸಾಮಾನು ಕದ್ದವಳು ಎಂದು ಬಾವಿಯ ಹತ್ತಿರ ಮಾತಾಡುತ್ತಾರೆ. ದೇವರೇ ಕೈ ಕಿತ್ತುಕೊಂಡ ಎಂದವರೂ ಇದ್ದಾರೆ. ನಾನು ಅದೇ ಬಾವಿಯ ಪಕ್ಕದಲ್ಲಿ ಹಾದು ಗಿರಣಿಗೆ ಹೋಗುತ್ತಿದ್ದೆ. ನನಗೆ ಎಲ್ಲರೂ ನಮಸ್ಕಾರ ಮಾಡುತ್ತಿದ್ದರು. "ಪಾಪ, ಗುದ್ಲೆಪ್ಪಣ್ಣ ಹೆಂಡತಿ ಸಲುವಾಗಿ ಎಷ್ಟು ಓಡ್ಯಾಡಿದ" ಎನ್ನುತ್ತಿದ್ದರು. ಎರಡು ತಿಂಗಳು ಆ ನಮಸ್ಕಾರ ತೆಗೆದುಕೊಂಡೆ.

ನಿಮ್ಮ ನೋಟೀಸು ಬಂದ ದಿನ ನಾಗವ್ವ ಗೋಡೆಯ ಆಚೆ ನಿಂತಿದ್ದಳು. ನಾನು ಕಾಗದ ಹಿಡಿದು, ಇವಳಿಗೆ ಯಾಕೆ ಬರೆದಿದ್ದಾರೆ ಎಂದು ಯಾರನ್ನೋ ಬೈಯುತ್ತಿದ್ದೆ. ಅವಳು ಒಮ್ಮೆಲೇ ಅಂದಳು:

"ಆ ಕಡ್ಡಿ ಯಾರು ಕೊಟ್ಟಾರಂತ ನನಗ ಗೊತ್ತೈತಿ. ಹೇಳಬ್ಯಾಡ ಅಂತ ಅಕಿ ಆಣಿ ಹಾಕಿ ನನ್ನ ಬಾಯಿ ಮುಚ್ಚಿಸ್ಯಾಳ. ನಿಮ್ಮ ಬಾಯಿ ಯಾರು ಮುಚ್ಚಿಸ್ಯಾರ್ರಿ ಯಜಮಾನ್ರ?"

ನನಗೆ ಸಿಟ್ಟು ಬರಲಿಲ್ಲ. ಅರವತ್ತಾರು ವರ್ಷದಲ್ಲಿ ಮೊದಲ ಸಲ ಇರಬೇಕು. ಒಳಗೆ ಹೋಗಿ ಶೇಖವ್ವನನ್ನು ಕೇಳಿದೆ, ಹುಬ್ಬಳ್ಳಿಯಲ್ಲಿ ಯಾಕೆ ಹೇಳಲಿಲ್ಲ ಎಂದು.

"ನಿಮ್ಮ ಹೆಸರು ಬಂದಿದ್ರ ಗಿರಣ್ಯಾಗ ಇಟಗೋತಿದ್ರೇನ್ರಿ?" ಎಂದಳು. "ತಕ್ಕಡಿ ಮುಂದ ಕುಂತ್ರನ ನೀವು ಮನಶಾರಂಗ ಇರತೀರಿ. ಮನ್ಯಾಗ ದಿನಾ ಕುಂತ್ರ ನಿಮ್ಮನ್ನ ಯಾರು ತಾಳಕೋಬೇಕು?"

ನಗಿಸಲು ಹೇಳಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮಾನ್ಯರೇ, ಈಗ ನನ್ನ ಕೇಳಿಕೆ. ವರದಿಯಲ್ಲಿ ಶೇಖವ್ವನ ಹೆಸರು ಎಲ್ಲೆಲ್ಲಿ ತಪ್ಪಿನ ಜೊತೆ ಬಂದಿದೆಯೋ ಅಲ್ಲೆಲ್ಲ ಹೊಡೆದುಹಾಕಿ ಗುದ್ಲೆಪ್ಪ ಎಂದು ಬರೆಯಿರಿ. ಅಜಾಗರೂಕತೆ ಎಂಬ ಮಾತು ಅವಳ ಮುಂದೆ ಇರಕೂಡದು. ಗಂಡ ಕೊಟ್ಟದ್ದನ್ನು ಜೋಪಾನವಾಗಿ ಇಟ್ಟುಕೊಂಡಳು, ಅಷ್ಟೇ. ತಿದ್ದಿದ ಕಾಗದದ ಕನ್ನಡ ನಕಲು ನಮ್ಮ ಚಾವಡಿಯ ಗೋಡೆಗೆ ಅಂಟಬೇಕು, ಬಾವಿಗೆ ಹೋಗುವವರ ಕಣ್ಣಿಗೆ ಬೀಳುವ ಹಾಗೆ. ಅದರ ಪಕ್ಕದಲ್ಲಿ ನಿಮ್ಮದೂ ಒಂದು ಕಾಗದ ಅಂಟಿಸಿರಿ: ನಾಲ್ಕನೇ ಅನುಮತಿ ಹದಿನಾಲ್ಕು ತಿಂಗಳು ಯಾರ ಮೇಜಿನ ಮೇಲಿತ್ತು ಎಂದು. ನನ್ನ ತಪ್ಪಿಗೆ ಹೆಸರು ಸಿಕ್ಕಿದೆ. ನಿಮ್ಮ ತಪ್ಪು ಯಾಕೆ ಬರೀ ಇಲಾಖೆಯಾಗಿ ಉಳಿಯಬೇಕು?

ಇನ್ನೊಂದು. ಇದೇ ಕಂಪನಿಯ ಬಿಡಾರಗಳು ಉಳಿದ ಮೂರು ತಾಲೂಕಿನಲ್ಲೂ ಇದ್ದವು. ಹಿರೇಬೆಂಡಿಗೇರಿಯ ಕಡೆ ಒಂದು ತಗಡಿನ ಷೆಡ್ಡು ಇನ್ನೂ ಕೀಲಿ ಹಾಕಿಕೊಂಡು ನಿಂತಿದೆ ಎಂದು ತೌಡಿಗೆ ಬಂದವರು ಹೇಳುತ್ತಾರೆ. ಅದರೊಳಗೆ ಏನಿದೆ? ಇಂಥ ವಸ್ತು ಒಂದು ಊರಿಗೆ ಬರಲು ನೀವು ಅನುಮತಿ ಕೊಡುವ ದಿನವೇ ಆ ಊರಿನ ಚಾವಡಿಗೆ ಕನ್ನಡದಲ್ಲಿ ತಿಳಿಸಿರಿ. ಚಿತ್ರ ಬರೆದು, ಇದನ್ನು ಮುಟ್ಟಿದರೆ ಕೈ ಹೋಗುತ್ತದೆ ಎಂದು ಡಂಗುರ ಸಾರಿಸಿರಿ. ಕೀಲಿ ಒಡೆದವನು ಬಂದು ಹೇಳಿದರೆ ಜೈಲಿಲ್ಲ ಎಂಬ ಮಾತನ್ನೂ ಸೇರಿಸಿರಿ. ನನ್ನಂಥ ಅಂಜುಬುರುಕರು ಎಲ್ಲ ಊರಲ್ಲೂ ಇರುತ್ತಾರೆ. ನನಗೆ ಮಾಫಿ ಬೇಡ. ಗಿರಣಿಯ ಕೆಲಸ ಬಿಟ್ಟಿದ್ದೇನೆ. ಹಾನಗಲ್ಲಿನ ಠಾಣೆಯಲ್ಲಿ ಹೇಳಿಕೆ ಬರೆಸಿ ಬಂದಿದ್ದೇನೆ. ಫಕ್ರುಸಾಬ ನಾನು ಹೇಳಿದ್ದಕ್ಕೆ ಕೊಯ್ದ, ಅವನನ್ನು ಎಳೆಯಬೇಡಿರಿ.

ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ಸಂಜೆ, ಹೆಂಗಸರು ನೀರಿಗೆ ಬರುವ ಹೊತ್ತಿಗೆ, ಬಾವಿಯ ಕಟ್ಟೆಯ ಹತ್ತಿರ ನಿಂತು ಗಟ್ಟಿಯಾಗಿ ಓದಿದೆ. ಯಾರೂ ಕೊಡ ಎತ್ತಿಕೊಂಡು ಹೋಗಲಿಲ್ಲ. ಅರ್ಧಕ್ಕೆ ಬಂದಾಗ ಶೇಖವ್ವ ನಾಗವ್ವನ ಹೆಗಲು ಹಿಡಿದು, ಬಾವಿಗೆ ಕಾಣುವ ನಮ್ಮ ಮನೆಯ ಬಾಗಿಲವರೆಗೆ ಬಂದಿದ್ದಳು. "ಸಾಕು ಬರ್ರಿ ಒಳಗ, ಮಂದಿ ನೋಡಾಕತ್ತಾರ" ಎಂದಳು.

ಮಂದಿ ನೋಡಲೆಂದೇ ಕೊನೆಯವರೆಗೂ ಓದಿದೆ.

ಇಂತಿ,
ತಡವಾಗಿ ಬಾ‌ಯಿ ಬಿಟ್ಟ, ಶೇಖವ್ವನ ಗಂಡ ಎಂದು ಹೇಳಿಕೊಳ್ಳಲು ಇನ್ನೂ ತಲೆ ತಗ್ಗಿಸುವ,
ಗುದ್ಲೆಪ್ಪ